ಕೂಗಿದವರಿಗೆ ಮೊದಲು

ಪಾರ್ಸೆಲ್ ಎಂಬ ನಾಯಿಗೆ ಬೊಗಳುವುದನ್ನು ಕಲಿಸಿದವನು ಕಿಟ್ಟಣ್ಣನೇ. ಬೇಕೆಂದು ಕಲಿಸಿದ್ದಲ್ಲ, ಪಾಪ. ಆದರೆ ಕಲಿಸಿದ್ದಂತೂ ಹೌದು. ಅದೂ ಎಷ್ಟು ಚೆನ್ನಾಗಿ ಅಂದರೆ, ಕೋಪರಖೈರಣೆಯ ಆ ಹಳೇ ಕಟ್ಟಡದಲ್ಲಿ ಕಿಟ್ಟಣ್ಣನ ಮುಖ ನೋಡದವರಿಗೂ ಅವನ ನಾಯಿಯ ಗಂಟಲು ಗೊತ್ತಿತ್ತು.

ಮೊದಲು ಕಿಟ್ಟಣ್ಣನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾಯಿಯ ವಿಷಯ ತಿಳಿಯುವುದಿಲ್ಲ. ಕಾರ್ಕಳದ ಕಡೆಯವನು. ಮೀಸೆ ಮೂಡುವ ಮೊದಲೇ ಬಂದು ಠಾಣೆ ಸ್ಟೇಷನ್ನಿನ ಹತ್ತಿರದ ಹೋಟೆಲೊಂದರಲ್ಲಿ ಟೇಬಲ್ ಒರೆಸಿದ. ಮಲಗಲು ಖಾಡಿಯ ನೀರಿನಾಚೆ ಕಳವಾ ಎಂಬಲ್ಲಿ ಒಂದು ಖೋಲಿ, ಅಲ್ಲಿ ಕಾಲು ಚಾಚಬೇಕಾದರೆ ಪಕ್ಕದವನ ಅಪ್ಪಣೆ ಬೇಕು. ಟೇಬಲ್ ಒರೆಸುವವನು ಸಪ್ಲಾಯರ್ ಆದ, ಸಪ್ಲಾಯರ್ ಆಗಿಯೇ ಮುದುಕನಾದ. ನಡುವೆ ಮದುವೆಯಾಯಿತು, ಮಗಳು ಹುಟ್ಟಿದಳು, ಹೆಂಡತಿ ಜಯಲತಾಳ ಬಳೆಗಳು ಹೋಗಿ ಈ ಒಂದು ರೂಮು-ಕಿಚನ್ ಬಂತು. ಆಮೇಲೆ ಧಣಿಗಳ ಮಕ್ಕಳು ಹೋಟೆಲ್ ಮಾರಿದರು. ಈಗ ಅಲ್ಲಿ ಮೊಬೈಲ್ ಅಂಗಡಿ. ಕಿಟ್ಟಣ್ಣನಿಗೆ ಉಳಿದದ್ದು ಉಬ್ಬಿದ ನರಗಳ ಎರಡು ಕಾಲು, ಟಿ.ವಿ. ಎದುರಿನ ಒಂದು ಕುರ್ಚಿ.

ಹೋಟೆಲಿನಲ್ಲಿ ಬರೆಯದ ಕಾನೂನೊಂದಿತ್ತು: ಕೂಗಿದವರಿಗೆ ಮೊದಲು. ಮೂಲೆಯಲ್ಲಿ ಸುಮ್ಮನೆ ಕೂತು ನೀರು ಕುಡಿಯುತ್ತಿರುವವನಿಗೆ ಯಾವಾಗ ಕೊಟ್ಟರೂ ನಡೆಯುತ್ತದೆ, ಅವನೆಲ್ಲೂ ಹೋಗುವುದಿಲ್ಲ. ಆದರೆ ಟೇಬಲು ಗುದ್ದಿ ‘ಏ ಅಣ್ಣಾ!’ ಎಂದು ಅರಚುವವನ ಮುಂದೆ ಎರಡನೇ ಸಲ ಅರಚುವ ಮೊದಲೇ ಪ್ಲೇಟು ಬೀಳಬೇಕು. ‘ಬಂತು, ಬಂತು!’ ಎನ್ನುತ್ತ ಕಿಟ್ಟಣ್ಣ ಓಡುತ್ತಿದ್ದ. ಯಾರೋ ಗಂಟಲೆತ್ತಿದರೆ ಸಾಕು, ತಲೆಯ ಅಪ್ಪಣೆಗೆ ಕಾಯದೆ ಅವನ ಕೈ ಮುಂದೆ ಹೋಗುವಷ್ಟು ರೂಢಿಯಾಗಿತ್ತು.

ಇಂಥ ಕೈಯ ಮನೆಗೆ ನಾಯಿ ಬಂದದ್ದು ಮಗಳು ನಿಕಿತಾಳಿಂದ. ಐರೋಲಿಯ ಕಂಪನಿಯೊಂದರಲ್ಲಿ ಶಿಫ್ಟಿನ ಕೆಲಸ ಅವಳದು. ಒಂದು ಮಳೆ ಸಂಜೆ ಸೀವುಡ್ಸ್ ಸ್ಟೇಷನ್ನಿನ ಹೊರಗೆ ನಡುಗುತ್ತಿದ್ದ ಕಂದು ಮರಿಯೊಂದನ್ನು ದುಪಟ್ಟಾದಲ್ಲಿ ಸುತ್ತಿ ತಂದಳು. ಬಾಗಿಲು ತೆಗೆದ ಕಿಟ್ಟಣ್ಣ, “ಎಂತ ಅದು, ಪಾರ್ಸೆಲ್ಲಾ?” ಎಂದ. ಹೆಸರು ಹಾಗೇ ಅಂಟಿತು.

ಪಾರ್ಸೆಲ್ ಬೆಳೆಯಿತು. ವಾಚ್‌ಮನ್ ಸೀಟಿ ಊದಿದರೆ ಬೊಗಳಿತು, ಮೆಟ್ಟಿಲ ಮೇಲೆ ಗ್ಯಾಸ್ ಸಿಲಿಂಡರ್ ದಡದಡ ಅಂದರೆ ಬೊಗಳಿತು. ಬೊಗಳಿದಾಗಲೆಲ್ಲ ಕಿಟ್ಟಣ್ಣ “ಬಂತು ಮಾರಾಯ, ಬಂತು” ಎಂದು ಎದ್ದು ಬಿಸ್ಕಿಟ್ ಡಬ್ಬಿ ತೆಗೆದ. ನಾಯಿ ಬಿಸ್ಕಿಟ್ ತಿನ್ನುವಷ್ಟು ಹೊತ್ತು ಸುಮ್ಮನಿರುತ್ತಿತ್ತು. ನಾಯಿಯನ್ನು ಸುಧಾರಿಸುವುದು ಹೇಗೆಂದು ತನಗೆ ಗೊತ್ತಾಯಿತೆಂದು ಕಿಟ್ಟಣ್ಣ ತಿಳಿದ. ಕಿಟ್ಟಣ್ಣನನ್ನು ಸುಧಾರಿಸುವುದು ಹೇಗೆಂದು ನಾಯಿಗೂ ತಿಳಿಯಿತು. ಕೆಲವೇ ತಿಂಗಳಲ್ಲಿ ಅದಕ್ಕೆ ಸೀಟಿಯೂ ಬೇಡ ಸಿಲಿಂಡರೂ ಬೇಡ, ಹಸಿದರೆ ಬೊಗಳು, ಬೇಜಾರಾದರೆ ಬೊಗಳು, ಕಿಟ್ಟಣ್ಣ ಟಿ.ವಿ. ನೋಡುತ್ತ ಕೂತರಂತೂ ಬೊಗಳಲೇಬೇಕು.

ಮೇಲಿನ ಮನೆಯಲ್ಲಿ ಗದಗಿನ ಕಡೆಯ ವಿಜಯಕುಮಾರ ಇದ್ದರು, ಕಟ್ಟಡದ ಸೊಸಾಯಿಟಿಯ ಸೆಕ್ರೆಟರಿ. ಅವರ ತಾಯಿ ಮಹಾದೇವಕ್ಕನಿಗೆ ಎದೆಯ ಆಪರೇಷನ್ ಆಗಿ ಇನ್ನೂ ಚೇತರಿಸಿಕೊಳ್ಳುವ ಹೊತ್ತು. ಒಂದು ಸಂಜೆ ವಿಜಯಕುಮಾರ ಕೆಳಗಿಳಿದು ಬಂದು ಬಾಗಿಲಲ್ಲೇ ನಿಂತರು.

“ಕಾಯ್ದೆ ನಿಮ್ಮ ಕಡೆ ಐತಿ ಅಂತ ನನಗ ಗೊತ್ತೈತ್ರಿ ಕಿಟ್ಟಣ್ಣಾರ. ನಾಯಿ ಸಾಕಬ್ಯಾಡ್ರಿ ಅಂತ ನಾ ಹೇಳಾಂಗಿಲ್ಲ. ಆದ್ರ ನಮ್ಮವ್ವಗ ಕಣ್ಣು ಹತ್ತವಲ್ದು. ಗಣಪತಿ ಹಬ್ಬದೊಳಗ ಏನರ ಮಾಡ್ರಿ. ಕೈ ಮುಗೀತೀನಿ.”

ಬೈದಿದ್ದರೆ ಕಿಟ್ಟಣ್ಣನೂ ಎರಡು ಬೈಯುತ್ತಿದ್ದ. ಕೈ ಮುಗಿದವರಿಗೆ ‘ನೋಡುವ’ ಎಂದು ಬಾಗಿಲು ಹಾಕಿ ಮಗಳ ಕಡೆ ತಿರುಗಿದ.

“ಪಪ್ಪಾ, ಮೈ ಕ್ಯಾ ಕರೂ? ಶಿಫ್ಟ್ ಛೋಡ್ ದೂ?” ಎಂದಳು ನಿಕಿತಾ, ಬ್ಯಾಗು ಹೆಗಲಿಗೇರಿಸುತ್ತ; ನಾಯಿ ಕಾಯಲು ಕೆಲಸ ಬಿಡಲೇ ಎಂದು ಅವಳ ಪ್ರಶ್ನೆ. “ಕಲ್ಯಾಣ್ ಮೇ ಏಕ್ ಶೆಲ್ಟರ್ ಹೈ. ಅಚ್ಛೇ ಲೋಗ್ ಹೈ.” ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಜಾಗವಂತೆ ಅದು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ಆಫೀಸಿನ ಬಸ್ಸೂ ಕೆಳಗೆ ನಿಂತಿತ್ತು.

ಆಗ ಒಲೆಯ ಹತ್ತಿರದಿಂದ ಜಯಲತಾ ಹೇಳಿದಳು: “ಅದು ಇರಲಿ.”

ಅಷ್ಟೇ ಅಂದದ್ದು. ಗಂಡ ಹೆಂಡತಿ ಮನೆಯಲ್ಲಿ ಆಡುವುದು ತುಳು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ತುಳುವಿನಲ್ಲಿಯೂ ಅದು ಅಷ್ಟೇ ಚಿಕ್ಕ ಮಾತು. ಆದರೆ ಜಯಲತಾ ಇಂಥದ್ದು ಇರಲಿ, ಇಂಥದ್ದು ಬೇಕು ಎಂದದ್ದನ್ನು ಕಿಟ್ಟಣ್ಣ ಕೇಳಿದ ನೆನಪೇ ಇರಲಿಲ್ಲ. ಸೀರೆ ತಂದರೆ ಉಟ್ಟಳು, ತರದಿದ್ದರೆ ಇಲ್ಲ. ಬಳೆ ಕೇಳಿದಾಗ ಬಿಚ್ಚಿ ಕೊಟ್ಟಳು. ಈಗ ಕೇಳಿದ್ದು ಒಂದು ಬೀದಿ ನಾಯಿಯನ್ನು.

ನಿಕಿತಾ ಫೋನು ಮಾಡಿ ವೈಶಾಲಿ ಎಂಬವಳನ್ನು ಕರೆಸಿದಳು. ನಾಯಿಗಳಿಗೆ ಕಲಿಸುವುದೇ ಅವಳ ಉದ್ಯೋಗ. ಬೆಳಗಾವಿ ಕಡೆಯ ಮನೆತನ, ಹುಟ್ಟಿದ್ದು ಡೊಂಬಿವಲಿ, ಬಾಯಿ ಬಡಬಡ. ಬಂದವಳು ಸುಮ್ಮನೆ ಕೂತು ನೋಡಿದಳು. ಪಾರ್ಸೆಲ್ ಬೊಗಳಿತು, ಕಿಟ್ಟಣ್ಣನ ಕೈ ಡಬ್ಬಿಗೆ ಹೋಯಿತು.

“ಅಂಕಲ್,” ಎಂದಳು ವೈಶಾಲಿ, “ನಾಯಿ ಭಾಳ ಶಾಣೇ ಅದ. ನಿಮ್ಮನ್ನ ಮಸ್ತ್ ಟ್ರೇನ್ ಮಾಡೇದ.”

“ಒಂದು ಕೋಲು ತೋರಿಸಿದ್ರೆ ಹೇಗೆ?”

“ಛೆ, ಛೆ! ಕೋಲು ತೋರಿಸಿದ್ರ ಅಂಜತದ. ಅಂಜಿದ ನಾಯಿ ಇವತ್ತು ಸುಮ್ನಿದ್ರೂ ನಾಳೆ ಕಚ್ಚತದ. ಇದು ಹಂಗಲ್ಲ ಅಂಕಲ್. ಒದರಿದ್ರ ಏನೂ ಸಿಗೂದಿಲ್ಲ. ಬಾಯಿ ಮುಚ್ಚಿತು ಅನ್ನೂದ್ರಾಗ, ಆ ಗಳಿಗಿಗೇ, ಒಂದು ಶಬ್ದ ಹೇಳ್ರಿ, ಒಂದು ತುಣುಕು ಕೊಡ್ರಿ. ಯಾವ ಶಬ್ದ ಆದ್ರೂ ನಡೀತದ, ದಿನಾ ಅದೇ ಇರಬೇಕು ಅಷ್ಟ. ಸುಮ್ನಿದ್ರ ಸಿಗತದ ಅಂತ ಅದಕ್ಕ ತಿಳೀಬೇಕು.”

ಶಬ್ದ ಹುಡುಕಲು ಕಿಟ್ಟಣ್ಣ ದೂರ ಹೋಗಬೇಕಾಗಲಿಲ್ಲ. “ಬಂತು,” ಎಂದ.

ಚಹಾ ತಂದಿಟ್ಟ ಜಯಲತಾ ಕೇಳಿದಳು: “ಹಾಗಾದ್ರೆ ಸುಮ್ಮನೆ ಇದ್ದವರಿಗೂ ಕೊಡ್ಲಿಕ್ಕುಂಟಾ? ಈ ಮನೆಯಲ್ಲಿ ಅದು ಹೊಸ ಪದ್ಧತಿ.”

ವೈಶಾಲಿ ಗಟ್ಟಿಯಾಗಿ ನಕ್ಕಳು. ನಿಕಿತಾ ಫೋನು ನೋಡಿದಳು. ಕಿಟ್ಟಣ್ಣ ಚಹಾ ಊದಿ ಊದಿ ಕುಡಿದ.

ಅಯ್ಯೋ, ಹೇಳಿದಷ್ಟು ಸುಲಭವೇ ಅದು! ಮರುದಿನದಿಂದ ಪಾರ್ಸೆಲ್ ಮೊದಲಿಗಿಂತ ಹೆಚ್ಚು ಬೊಗಳಿತು. ಸಪ್ಲಾಯರ್ ಕಿವುಡನಾದರೆ ಗಿರಾಕಿ ಎದ್ದು ಹೋಗುವುದಿಲ್ಲ, ಮೊದಲು ಟೇಬಲು ಗುದ್ದುತ್ತಾನೆ. ಇದೂ ಗುದ್ದಿತು. ಬಾಗಿಲು ಕೆರೆಯಿತು, ಕುರ್ಚಿಯ ಸುತ್ತ ಸುತ್ತಿತು, ಕಿಟ್ಟಣ್ಣನ ಮುಖದ ಹತ್ತಿರ ಬಂದು ಅರಚಿತು. ಮೇಲಿನಿಂದ ಮಹಾದೇವಕ್ಕ ನೆಲಕ್ಕೆ ಏನನ್ನೋ ಕುಟ್ಟಿದರು. ಕಿಟ್ಟಣ್ಣ ತನ್ನ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತ. ಕೊನೆಗೆ ತಡೆಯಲಾಗದೆ ಒಂದು ಬಿಸ್ಕಿಟ್ ಎಸೆದೇಬಿಟ್ಟ. ಫೋನಿನಲ್ಲಿ ವೈಶಾಲಿ ನಿಟ್ಟುಸಿರಿಟ್ಟಳು: “ಇಷ್ಟು ಹೊತ್ತು ಒದರಿದ್ರೂ ಕಡೀಕ ಸಿಗತದ ಅಂತ ಈಗ ಕಲಿಸಿದ್ರಿ ನೋಡ್ರಿ.”

ಕಿಟ್ಟಣ್ಣನಿಗೆ ಸಾಕುಸಾಕಾಯಿತು. ಒಂದು ಜನ್ಮಕ್ಕಾಗುವಷ್ಟು ಬಾಯಿಗಳಿಗೆ ಬಡಿಸಿದ್ದಾನೆ, ಕಾಲು ಸೋತಿದೆ, ಈಗ ಒಂದು ನಾಯಿಯ ಮುಂದೆ ಪರೀಕ್ಷೆ. “ಕಳಿಸಿಬಿಡುವ ಮಾರಾಯ್ತಿ,” ಎಂದ ಹೆಂಡತಿಗೆ. “ನನ್ನಿಂದಾಗುವುದಿಲ್ಲ. ಕಲ್ಯಾಣದಲ್ಲಿ ಒಳ್ಳೆಯವರಂತೆ.”

ಅಕ್ಕಿ ಆರಿಸುತ್ತಿದ್ದ ಜಯಲತಾ ಏನೂ ಹೇಳಲಿಲ್ಲ. ಬೇರೆ ದಿನವಾಗಿದ್ದರೆ ಅವಳು ಒಪ್ಪಿದಳೆಂದು ತಿಳಿದು ಅವನು ಟಿ.ವಿ. ಹಾಕುತ್ತಿದ್ದ. ಆದರೆ ಈ ದಿನಗಳಲ್ಲಿ ಅವನಿಗಿದ್ದ ಕೆಲಸವೇ ಸದ್ದು ನಿಂತಾಗ ನೋಡುವುದು. ನೋಡಿದ. ಅವಳ ಬೆರಳು ಮೊರದಲ್ಲಿ ನಿಂತಿತ್ತು. ಆಮೇಲೆ ಎದ್ದು ಅವಳು ಬಾಲ್ಕನಿಗೆ ಹೋದಳು, ಪಾರ್ಸೆಲ್ ಹಿಂದೆಯೇ ಹೋಯಿತು. ಬಟ್ಟೆ ಒಣಗಿಸುವ ತಂತಿಯ ಕೆಳಗೆ ಅವಳು ನಾಯಿಯ ತಲೆ ಸವರುತ್ತ ನಿಂತಳು, ಬೆನ್ನು ಇತ್ತ ಮಾಡಿ. ಬಳೆ ಬಿಚ್ಚಿ ಕೊಟ್ಟ ದಿನವೂ ಅವಳು ಹೀಗೇ ಏನೂ ಹೇಳದೆ ಬೆನ್ನು ತಿರುಗಿಸಿದ್ದು ಕಿಟ್ಟಣ್ಣನಿಗೆ ನೆನಪಾಯಿತು. ಆ ದಿನ ಅವನಿಗೆ ಡ್ಯೂಟಿಗೆ ಹೊತ್ತಾಗಿತ್ತು. ಅವನಿಗೆ ನಾಚಿಕೆಯಾಯಿತು.

ಟವೆಲು ಹೆಗಲಿಗೆ ಹಾಕಿಕೊಂಡು ಎದ್ದ. ಬಿಸ್ಕಿಟ್ ಬಿಟ್ಟು ಬೇರೇನಾದರೂ ಆಸೆ ಹುಟ್ಟಿಸುವಂಥದ್ದು ಬೇಕೆಂದು ವೈಶಾಲಿ ಹೇಳಿದ್ದಳು. ಒಣ ಸಿಗಡಿಯನ್ನು ಉಪ್ಪು ಹೋಗುವಂತೆ ತೊಳೆದು ಕಾವಲಿಯ ಮೇಲೆ ಹುರಿದ. ಪಾರ್ಸೆಲ್ಲಿನ ಮೂಗು ಅಡುಗೆಮನೆಯ ಹೊಸ್ತಿಲಿಗೆ ಬಂತು. ಬೊಗಳಿತು, ಕಿಟ್ಟಣ್ಣ ಕದಲಲಿಲ್ಲ. ಮತ್ತೆ ಬೊಗಳಿತು, ಗೋಡೆ ನೋಡಿದ. ಬೊಗಳಿ ಬೊಗಳಿ ಅದೂ ಉಸಿರು ತೆಗೆದುಕೊಳ್ಳಬೇಕಲ್ಲ, ಆ ಒಂದು ಸಂದಿಯಲ್ಲಿ “ಬಂತು” ಎಂದು ಸಿಗಡಿ ಇಟ್ಟ. ನಾಯಿ ಅವನ ಮುಖ ನೋಡಿತು, ಈ ಮುದುಕನಿಗೆ ಏನಾಯಿತೆನ್ನುವ ಹಾಗೆ.

ಹಾಗೆ ಹಿಡಿದುಕೊಂಡ. ಒಂದು ಉಸಿರಿನಷ್ಟು ಮೌನ, ಮೂರು ಉಸಿರಿನಷ್ಟು, ಚಹಾ ಕುಡಿದು ಮುಗಿಸುವಷ್ಟು. ಜಯಲತಾ ಹೊರಗೆ ಹೋಗಿ ಬೆಲ್ಲು ಒತ್ತುವುದು, ನಾಯಿ ಚಾಪೆಯ ಮೇಲೆ ಕೂರುವುದು, ಇವನು “ಬಂತು” ಎನ್ನುವುದು. ಒಂದು ದಿನ ಸರಿಹೋಗುತ್ತಿತ್ತು, ಇನ್ನೊಂದು ದಿನ ಎಲ್ಲ ಮರೆತು ಮೊದಲಿನಿಂದ. ಮೆಟ್ಟಿಲಲ್ಲಿ ಸಿಕ್ಕ ವಿಜಯಕುಮಾರ ಮೂಗು ಮುಚ್ಚಿಕೊಂಡು, “ಒದರೂದು ಕಡಿಮಿ ಆತು ಅನ್ನೂದ್ರಾಗ ವಾಸನಿ ಚಾಲೂ ಆತಲ್ರೀ!” ಎಂದರು. ಬೈಗುಳವೋ ಹೊಗಳಿಕೆಯೋ ಕೇಳಲು ಕಿಟ್ಟಣ್ಣನಲ್ಲಿ ತ್ರಾಣವಿರಲಿಲ್ಲ.

ಚೌತಿಯ ಹಿಂದಿನ ದಿನ ಬೆಳಿಗ್ಗೆ ಬೆಲ್ಲು ಹೊಡೆಯಿತು. ಈ ಸಲ ಜಯಲತಾ ಒಳಗೇ ಇದ್ದಳು. ಹೊರಗೆ ವಿಜಯಕುಮಾರ, ಅವರ ತೋಳು ಹಿಡಿದು ಮಹಾದೇವಕ್ಕ. ಆಪರೇಷನ್ ಆದ ಮೇಲೆ ಆ ಮುದುಕಿ ಮೆಟ್ಟಿಲಿಳಿದದ್ದು ಇದೇ ಮೊದಲು. ಪಾರ್ಸೆಲ್ ಎದ್ದಿತು. ಅದರ ಗಂಟಲಲ್ಲಿ ಗುರ್ ಎಂದು ಶುರುವಾಯಿತು. ಜೇಬಿನೊಳಗೆ ಸಿಗಡಿ ಹಿಡಿದ ಕಿಟ್ಟಣ್ಣನ ಕೈ, ಕೊಡು, ಕೊಡು, ಬೊಗಳುವ ಮೊದಲೇ ಕೊಟ್ಟುಬಿಡು ಎನ್ನುತ್ತಿತ್ತು. ಅವನು ಕೊಡಲಿಲ್ಲ. ನಾಯಿ ಬಾಗಿಲು ನೋಡಿತು, ಅವನನ್ನು ನೋಡಿತು, ಬಾಯಿ ಮುಚ್ಚಿ ಹೋಗಿ ಚಾಪೆಯ ಮೇಲೆ ಕೂತಿತು.

“ಬಂತು,” ಎಂದ ಕಿಟ್ಟಣ್ಣ. ಒಂದು ಸಿಗಡಿ ಅದರ ಮುಂದಿಟ್ಟ.

ಮಹಾದೇವಕ್ಕ ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡರು. “ಇದನ ಏನು, ನನ್ನ ನಿದ್ದಿ ತಿಂದಿದ್ದು? ಅಂಗೈಯಗಲ ಮಾರಿ ಇಲ್ಲ. ಯಾರದಿದು, ನಿಮ್ದೇನ್ರೀ?”

ಮಗಳದ್ದು ಎಂಬ ಉತ್ತರ ಕಿಟ್ಟಣ್ಣನ ನಾಲಿಗೆಯ ತುದಿಯಲ್ಲೇ ಇತ್ತು. ಯಾರು ಕೇಳಿದರೂ ಅದನ್ನೇ ಹೇಳುತ್ತಿದ್ದ. “ಇವಳದ್ದು,” ಎಂದ. “ಇವಳನ್ನೇ ಕೇಳಿ.”

ಎಲ್ಲರೂ ಜಯಲತಾಳ ಕಡೆ ತಿರುಗಿದರು. ಅವಳು ಸೆರಗಿಗೆ ಕೈ ಒರೆಸಿದಳು. ಮೊದಲಿನ ಕಿಟ್ಟಣ್ಣನಾಗಿದ್ದರೆ ಅವಳ ಪರವಾಗಿ ಏನಾದರೊಂದು ಹೇಳಿ ಮುಗಿಸುತ್ತಿದ್ದ. ಈಗ ಕಾಯ್ದ.

“ನನಗೆ ಬೇಕು,” ಎಂದಳು ಜಯಲತಾ. “ಇದು ಹೋದ್ರೆ ಈ ಮನೆಯಲ್ಲಿ ನನ್ನ ಹತ್ರ ಅಂತ ಯಾರೂ ಇಲ್ಲ.”

ಗಂಡ ಪಕ್ಕದಲ್ಲೇ ನಿಂತಿದ್ದ, ಕೈಯಲ್ಲಿ ಇನ್ನೊಂದು ಸಿಗಡಿ ಹಿಡಿದುಕೊಂಡು. ವಿಜಯಕುಮಾರ ನೆಲ ನೋಡಿದರು. ಮಹಾದೇವಕ್ಕ ಮಾತ್ರ ಅವಳನ್ನೇ ನೋಡಿ, “ಇರ್ಲಿ ಬಿಡವಾ, ಇಟ್ಕೋ,” ಎಂದರು. “ಒಂದೊಂದು ಸಲ ಒದರಿದ್ರೂ ಒದರಲಿ. ನಾ ಸತ್ತಿಲ್ಲಂತ ನನಗೂ ಗೊತ್ತಾಗತೈತಿ.”

ಅವರು ಮೇಲೆ ಹೋದ ಮೇಲೆ ಮನೆ ಎಂದಿನಂತಾಯಿತು. ನಿಕಿತಾ ಶಿಫ್ಟ್ ಮುಗಿಸಿ ಬಂದು ಮಲಗಿದಳು. ಮಧ್ಯಾಹ್ನ ಜಯಲತಾ ಎಂದಿನಂತೆ ಗಂಡನ ತಟ್ಟೆ ಇಟ್ಟು, ತಾನು ಒಲೆಯ ಹತ್ತಿರ ನಿಂತಳು. ಅವನು ಉಂಡ ಮೇಲೆ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ನಿಂತೇ ಉಣ್ಣುವುದು ಅವಳ ರೂಢಿ. ಹೋಟೆಲಿನಲ್ಲಿ ಲಕ್ಷ ಪ್ಲೇಟು ಹೊತ್ತ ಕಿಟ್ಟಣ್ಣ ಅವಳ ಮುಂದೆ ಒಂದನ್ನೂ ಇಟ್ಟಿರಲಿಲ್ಲ.

ಅವನು ಎದ್ದ. ಇನ್ನೊಂದು ತಟ್ಟೆ ತೆಗೆದು ಅನ್ನ ಬಡಿಸಿದ, ಪಲ್ಯ ಹಾಕಿದ, ಹಪ್ಪಳ ಇಟ್ಟ. ಹಳೇ ಅಭ್ಯಾಸದಂತೆ ಎಡಗೈಯ ಮೇಲೆ ತಟ್ಟೆ ತೂಗುತ್ತ ತಂದು ತನ್ನ ಕುರ್ಚಿಯ ಮುಂದೆಯೇ ಇಟ್ಟ.

“ಬಂತು,” ಎಂದ.

ಪಾರ್ಸೆಲ್ ಎದ್ದು ಬಂದು ಸುಮ್ಮನೆ ಕೂತಿತು. ಜಯಲತಾ ನಾಯಿಯನ್ನು ನೋಡಿ, “ಯಾರಿಗೆ?” ಎಂದಳು.

“ನಿನಗೆ.”

ಅವಳು ಒಲೆ ಆರಿಸಿ, ಕೈ ತೊಳೆದು ಬಂದಳು. “ತಡ ಮಾಡಿದ್ರಲ್ಲ ಸಪ್ಲಾಯರ್ರೇ,” ಎಂದಳು.

“ಹೌದು,” ಎಂದ ಕಿಟ್ಟಣ್ಣ.

ಅವಳು ಕೂತಳು. ಅವನು ಗೋಡೆಗೊರಗಿ ನಿಂತ. ಮೀನಖಂಡ ಸೆಳೆಯುತ್ತಿತ್ತು, ಆದರೂ ನಿಂತ. ಅವಳು ಎರಡು ತುತ್ತು ಉಂಡು, ಕಣ್ಣೊರೆಸಿಕೊಂಡು, ತಟ್ಟೆ ನೋಡಿದಳು.

“ಬರೀ ಅನ್ನ ಉಣ್ಣಲಿಕ್ಕಾಗ್ತದಾ? ಸಾರು ತನ್ನಿ,” ಎಂದಳು, ಮೇಲಿನ ಮನೆಗೂ ಕೇಳಿಸುವಷ್ಟು ಜೋರಾಗಿ.