ಹೊನ್ನಾಳಿ ಎನ್ನದ ಬಾಯಿ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತೆ; ಪ್ರತಿ ಸಲವೂ ಚಹಾ ಕುಡಿದು ಎದ್ದೆ. ಈಗ ನನಗೂ ಮಾತು ನಡುವೆ ತಪ್ಪತೊಡಗಿದೆ. ಇನ್ನು ತಡಮಾಡಿದರೆ ಹೇಳಬೇಕಾದದ್ದೇ ಮರೆತುಹೋದೀತೆಂಬ ಭಯ.

ಅವನನ್ನು ಚನ್ನಗಿರಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಕಂಡಕ್ಟರ್ ಎಂದೇ. ಖಾಸಗಿ ಬಸ್ಸಿನ ಕೆಲಸ ಬಿಟ್ಟು ವರ್ಷಗಳಾಗಿದ್ದರೂ, ಮೈಕಿನ ಮುಂದೆ ನಿಂತರೆ ಎಡಗೈ ತಾನಾಗಿ ಮೇಲೆದ್ದು ಇಲ್ಲದ ಕಂಬಿಯನ್ನು ಹಿಡಿಯುತ್ತಿತ್ತು. ಹಿರಿಯ ನಾಗರಿಕರ ಭಾಷಣ ಸ್ಪರ್ಧೆ ಎಲ್ಲೇ ಇರಲಿ, ನಾವಿಬ್ಬರೂ ಹಾಜರ್. ಚೀಟಿ ನೋಡಿ ಓದುವಂತಿಲ್ಲ ಎಂಬ ನಿಯಮಕ್ಕೆ ಅವನು ಹೆದರಿದವನಲ್ಲ. ಭಾಷಣವನ್ನು ತನ್ನ ಹಳೆಯ ರೂಟಿನ ಮೇಲೆ ಹಂಚಿಡುತ್ತಿದ್ದ.

"ಚನ್ನಗಿರೀಲಿ ನಮಸ್ಕಾರ. ಸೂಳೆಕೆರೆ ಏರಿ ಮ್ಯಾಲೆ ಒಂದು ಕತೆ. ಹೊನ್ನಾಳೀಲಿ ನಿಜವಾದ ಮಾತು, ಜನ ಹತ್ತೋದೇ ಅಲ್ಲಿ. ನ್ಯಾಮತೀಲಿ ಎಲ್ರನ್ನೂ ಇಳಿಸಿಬಿಡಾದು. ಇಷ್ಟೇ ಕಣೋ ಭಾಷಣ."

ನನಗೋ ವೇದಿಕೆ ಎಂದರೇ ಹೆದರಿಕೆ. "ಹೆದ್ರಿಕೆ ಬಂದ್ರೆ ಅದಕ್ಕೂ ಒಂದು ಸೀಟು ಕೊಡು. ನಿಂತ್ಕಂಡ್ರೆ ಗಲಾಟೆ ಮಾಡ್ತೈತೆ" ಎನ್ನುತ್ತಿದ್ದ.

ಆಮೇಲೆ ಅವನಿಗೆ ಮರೆವು ಶುರುವಾಯಿತು. ಹೊನ್ನಾಳಿಯ ಸ್ಪರ್ಧೆಯಲ್ಲಿ ಮಾತು ನಿಂತು ಅವನ ಕಣ್ಣು ನನ್ನತ್ತ ಹೊರಳಿತು. ಮೊದಲ ಸಾಲಿನಲ್ಲಿದ್ದ ನಾನು ದನಿಯಿಲ್ಲದೆ ತುಟಿ ಆಡಿಸಿ ಮುಂದಿನ ಊರಿನ ಹೆಸರು ಹೇಳಿದೆ. ಬಸ್ಸು ಹೊರಟಿತು. ಅಂದು ಮೊದಲ ಬಹುಮಾನವೂ ಅವನದೇ. "ನೀನು ಮುಂದೆ ಕುಂತಿರು, ನಂಗೆ ಅಷ್ಟು ಸಾಕು" ಎಂದ. ಆಮೇಲೆ ಎಲ್ಲಿ ಹೋದರೂ ನಾನು ಮುಂದೆಯೇ ಕೂತೆ.

ಜಗಳೂರಿನಲ್ಲಿ ಜಿಲ್ಲಾ ಸ್ಪರ್ಧೆ. "ಇದು ನನ್ ರೂಟೇ ಅಲ್ಲಪ್ಪ" ಎಂದು ದಾರಿಯಲ್ಲಿ ನಕ್ಕ. ಆದರೆ ನನ್ನ ಕೈ ಹಿಡಿದಾಗ ಅವನ ಅಂಗೈ ಬೆವರಿತ್ತು. ವಿಷಯ ನೀರು. ಸೂಳೆಕೆರೆಯ ಕತೆಯನ್ನು ಸಭೆ ಸದ್ದಿಲ್ಲದೆ ಕೇಳಿತು. ಅಲ್ಲಿಂದಾಚೆ ಮಾತು ಬರಲಿಲ್ಲ. ಎಡಗೈ ಮೇಲೆದ್ದು ಗಾಳಿಯಲ್ಲಿ ತಡಕಾಡಿತು. ನನ್ನನ್ನು ನೋಡಿದ. ಸಂತೆಯಲ್ಲಿ ತಾಯಿಯ ಸೆರಗು ತಪ್ಪಿದ ಕೂಸಿನ ಕಣ್ಣು ಅವು.

ಮುಂದಿನ ಸರದಿ ನನ್ನದು. ಅದುವರೆಗೆ ನಾನು ಎಲ್ಲೂ ಗೆದ್ದಿರಲಿಲ್ಲ. ಹೇಳಿಕೊಟ್ಟದ್ದು ತೀರ್ಪುಗಾರರಿಗೆ ಕಂಡರೆ ಇಬ್ಬರನ್ನೂ ಹೊರಹಾಕುತ್ತಾರೆಂಬ ಭಯವಿತ್ತು. ಅವನು ಮುಗಿಸಿದರೆ ನಾನು ಸೋಲುತ್ತೇನೆಂಬ ಭಯ ಅದಕ್ಕಿಂತ ದೊಡ್ಡದಿತ್ತು. ಹೊನ್ನಾಳಿ ಎಂದು ತುಟಿ ಆಡಿಸಿದ್ದರೆ ಸಾಕಿತ್ತು; ತಲೆ ತಗ್ಗಿಸಿ ನನ್ನ ಚಪ್ಪಲಿ ನೋಡಿದೆ.

"ಬಸ್ಸು... ಎಲ್ಲಿಗೆ ಬಂತ್ರೀ?" ಎಂದ, ಮೈಕಿನಲ್ಲೇ.

ಸಭೆ ನಕ್ಕಿತು. "ಕೊನೇ ಸ್ಟಾಪು, ಇಳೀರಿ ಅಜ್ಜಾರೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಮಯ ಮುಗಿಯಿತೆಂದು ಗಂಟೆ ಬಾರಿಸಿದರು.

ಶಾಲು, ಫಲಕ ನನಗೆ ಬಂದವು. ವಾಪಸು ಬರುವ ಬಸ್ಸಿನಲ್ಲಿ ಅವನೇ ನನ್ನ ಹೆಗಲ ಮೇಲೆ ಕೈ ಹಾಕಿದ.

"ನಿಂಗೂ ಮರ್ತೋಗಿತ್ತಲ್ಲ, ಪಾಪ. ಹೋಗ್ಲಿ ಬಿಡೋ, ಇಬ್ರಿಗೂ ವಯಸ್ಸಾತು."

"ಹೂಂ ಕಣೋ, ಮರ್ತಿದ್ದೆ" ಎಂದೆ.

ಅವನು ಮತ್ತೆ ವೇದಿಕೆ ಹತ್ತಲಿಲ್ಲ. ಹೋದ ವರ್ಷ ತೀರಿಕೊಂಡ. ಶ್ರದ್ಧಾಂಜಲಿ ಸಭೆಯಲ್ಲಿ ಎರಡು ಮಾತಾಡಲು ನನ್ನನ್ನು ಕರೆದರು. ನಿಜ ಹೇಳಬೇಕೆಂದೇ ಎದ್ದೆ. ಜಗಳೂರು ಎಂದೆ, ಮುಂದಿನದು ಹೊಳೆಯಲಿಲ್ಲ. ಮೊದಲ ಸಾಲು ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತುಟಿ ಆಡಿಸುವವರು ಯಾರೂ ಇರಲಿಲ್ಲ. ಅವನು ಅಂದು ಜಗಳೂರಿನಲ್ಲಿ ಎಂಥ ಕತ್ತಲಲ್ಲಿ ನಿಂತಿದ್ದನೆಂದು ಆಗ ತಿಳಿಯಿತು. "ಒಳ್ಳೆ ಮನುಷ್ಯ" ಎಂದಷ್ಟೇ ಹೇಳಿ ಕೂತುಬಿಟ್ಟೆ.

ನಾನು ಕ್ಷಮೆ ಕೇಳದೆ ಕಳಿಸಿಬಿಟ್ಟವನಿಗೆ ಕಂಡಕ್ಟರ್ ಅಲ್ಲದೆ ತಾಯಿ ಇಟ್ಟ ಹೆಸರೊಂದಿತ್ತು. ಅದನ್ನಾದರೂ ಮರೆಯುವ ಮೊದಲು ಬಾಯಿಬಿಟ್ಟು ಹೇಳುತ್ತೇನೆ: ಹಾಲೇಶಪ್ಪ.