ಗಾಳಿಗೆಂದು ಬಿಟ್ಟ ಜಾಗ

ಕಂಟ್ರೋಲ್ ಪ್ಯಾನೆಲ್ಲಿನ ಬಾಗಿಲು ತೆಗೆದರೆ ಸುಟ್ಟ ವಯರಿನ ವಾಸನೆಯ ಜೊತೆಗೆ ಊದುಬತ್ತಿಯ ಪರಿಮಳವೂ ಬಂತು. ಎಂಬತ್ತರ ದಶಕದ ಮಾತು. ಕಡಬದ ಹತ್ತಿರದ ಆ ರಬ್ಬರ್ ಫ್ಯಾಕ್ಟರಿಗೆ ಪುತ್ತೂರಿನಿಂದ ಹೋಗಿ ಪ್ಯಾನೆಲ್ ಕೂರಿಸಿಕೊಟ್ಟವನು ನಾನೇ. ಇಪ್ಪತ್ತನಾಲ್ಕು ವೋಲ್ಟಿನ ಡಿ.ಸಿ. ಕರೆಂಟು ಕೊಡುವ ಸಪ್ಲೈ ಪೆಟ್ಟಿಗೆ, ಅದರಿಂದ ಹೊರಡುವ ಪ್ರತಿ ಲೈನಿಗೂ ಲೆಕ್ಕ ನೋಡಿ ಆರಿಸಿದ ಬೇರೆ ಬೇರೆ ಫ್ಯೂಸ್. ಸಪ್ಲೈಯ ಬಿಸಿ ಹೊರಗೆ ಹೋಗಲಿ ಎಂದು ಅದರ ನೆತ್ತಿಯ ಮೇಲೆ ಒಂದು ಗೇಣು ಜಾಗ ಖಾಲಿ ಬಿಟ್ಟಿದ್ದೆ.

ಆಯುಧ ಪೂಜೆಯ ದಿನ ಆ ಜಾಗದಲ್ಲಿ ಗಾಜು ಹಾಕಿದ ದೇವರ ಪಟ ಬಂದು ಕೂತಿತ್ತು. ಅದಕ್ಕೆ ಸೇವಂತಿಗೆಯ ಮಾಲೆ ಬೇರೆ. ಅಲಂಕಾರದಲ್ಲಿ ಎಂತದೂ ಕಮ್ಮಿ ಇರಲಿಲ್ಲ. ಬಿಸಿಗೆ ಹೋಗಲು ದಾರಿಯಿಲ್ಲದೆ ಸಪ್ಲೈ ಕರಕಲಾಗಿತ್ತು. ಮೆಷಿನು ನಿಂತು, ಹೊರಗೆ ಟ್ಯಾಂಕಿನಲ್ಲಿ ರಬ್ಬರ್ ಹಾಲು ತನ್ನಷ್ಟಕ್ಕೆ ಗಟ್ಟಿಯಾಗುತ್ತಿತ್ತು.

"ಇದು ಗಾಳಿಗೆಂದು ಬಿಟ್ಟ ಜಾಗ ಧಣಿಗಳೇ," ಎಂದೆ, ಹಲ್ಲು ಕಚ್ಚಿಕೊಂಡು.

ಮಾಲೀಕರು ನನ್ನನ್ನೇ ಕನಿಕರದಿಂದ ನೋಡಿದರು. "ಎಂತ ಮಾರಾಯ್ರೆ, ದೇವರು ಒಳಗೆ ಇದ್ದದ್ದಕ್ಕೆ ಇಷ್ಟರಲ್ಲೇ ಮುಗಿಯಿತು. ಇಲ್ಲದಿದ್ದರೆ ಇಡೀ ಫ್ಯಾಕ್ಟರಿ ಹೋಗುದಿತ್ತು!"

ಪಟದ ಗಾಜು ಬಿರಿದು, ದೇವರ ಮುಖ ಹೊಗೆಯಿಂದ ಕಪ್ಪಾಗಿತ್ತು. ದೇವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಅಂದಿನಿಂದ ಹೊಸ ಪ್ಯಾನೆಲ್ಲಿನ ನಕ್ಷೆ ಬರೆಯುವಾಗ ಮೊದಲು ಬಾಗಿಲಿನ ಹೊರಗೆ ದೇವರ ಪಟಕ್ಕೊಂದು ಕೊಕ್ಕೆ ಗುರುತು ಮಾಡುತ್ತೇನೆ. ಸಪ್ಲೈ, ಫ್ಯೂಸುಗಳ ಜಾಗ ನೋಡುವುದು ಆಮೇಲೆ.