ಚಪ್ಪಲಿಗಳ ಸಾಲಿನಲ್ಲಿ ಸೀಡಿ ಚೀಲ

ಜಯಸಿಂಗಪುರದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಬಸದಿಯ ಸ್ಪೀಕರಿನಲ್ಲಿ ಭಜನೆ ಹಚ್ಚುತ್ತಿದ್ದರು. ಊರೆಲ್ಲ ಮೊಬೈಲಿನಲ್ಲಿ ಭಜನೆ ಕೇಳುವಾಗಲೂ ಅವರು ಸೀಡಿ ಬಿಟ್ಟಿರಲಿಲ್ಲ. ಏನೇ ಕೊಳ್ಳಲಿ, ಮೊದಲು ಉಗುರಿನಿಂದ ತಟ್ಟುವರು, ಮೂಸುವರು, ಆಮೇಲೆ "ಮಾಲು ಗಟ್ಟಿ ಬೇಕ್ರಿ" ಎನ್ನುತ್ತ ಅದರ ಮೇಲೆ ಕಾಲಿಟ್ಟು ನಿಲ್ಲುವರು. ತರಕಾರಿಯೊಂದನ್ನು ಬಿಟ್ಟಿದ್ದರು, ಅದು ಅವರ ಹೆಂಡತಿ ಕಾಕೂನ ಪುಣ್ಯ.

ಸೀಡಿ ಒಯ್ಯಲು ಚೀಲ ಬೇಕೆಂದು ನನ್ನನ್ನೂ ಕೊಲ್ಹಾಪುರಕ್ಕೆ ಎಳೆದೊಯ್ದರು. ಅವರು ನಿಂತ ಪ್ಲಾಸ್ಟಿಕ್ ಡಬ್ಬಿ ಅಲ್ಲೇ ಮುರಿಯಿತು. ಅಂಗಡಿಯವನು ಮರಾಠಿಯಲ್ಲಿ ನಮ್ಮಿಬ್ಬರ ವಂಶವನ್ನೇ ಜಾಲಾಡಿದ. ಬಟ್ಟೆಯ ಚೀಲ ನೋಡಿ, "ಇದೇನ್ ಕೂಸಿನ ಕುಲಾವಿ ಏನ್ರಿ?" ಎಂದು ಕಾಕಾ ಎದ್ದರು. ಕೊನೆಗೆ ಚಪ್ಪಲಿ ಹೊಲಿಯುವವರಿಂದ ದಪ್ಪ ತೊಗಲಿನ ಚೀಲ ಹೊಲಿಸಿ, ಅದರ ಮೇಲೆ ಎರಡೂ ಕಾಲಿಟ್ಟು ನಿಂತರು. "ಏಕದಂ ಭಾರಿ!"

ಪರ್ಯುಷಣ ಹಬ್ಬದ ಮೊದಲ ದಿನ ಬಸದಿಯ ಬಾಗಿಲಲ್ಲೇ ಪೂಜೆಯವರು ತಡೆದರು.

"ಕಾಕಾ, ತೊಗಲ ಒಳಗ ತರಂಗಿಲ್ಲ. ಮಂದಿ ಬೆಲ್ಟ್ ಸುದ್ದಾ ಬಿಚ್ಚಿಟ್ಟ ಬರ್ತಾರ. ಮರತ್ರೇನ?"

ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು ಚೀಲ ಹೊಲಿಸುವಾಗ ಇಬ್ಬರಿಗೂ ಹೊಳೆದಿರಲಿಲ್ಲ. ಚೀಲವನ್ನು ಚಪ್ಪಲಿಗಳ ಸಾಲಿನಲ್ಲಿಟ್ಟು, ಕವರಿಲ್ಲದ ಬರಿಯ ಸೀಡಿಗಳನ್ನು ಕಂಕುಳಲ್ಲಿ ಒತ್ತಿಕೊಂಡು ಕಾಕಾ ಒಳಗೆ ಹೋದರು. ನಮಸ್ಕಾರಕ್ಕೆ ಬಗ್ಗಿದ್ದೇ ತಡ, ಅಷ್ಟೂ ಸೀಡಿಗಳು ಕಲ್ಲಿನ ನೆಲದ ಮೇಲೆ ಬಿದ್ದು ಉಜ್ಜಿಕೊಂಡು ಹೋದವು. ಅಂದು ಭಜನೆ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡಿತು. ಅಜ್ಜಿಯರು ಕಣ್ಣು ಮುಚ್ಚಿ ಅದನ್ನೇ ಮತ್ತೆ ಮತ್ತೆ ಹಾಡಿದರು.

ಹೊರಗೆ ಬಂದ ಕಾಕಾ ಚೀಲವನ್ನು ಉಗುರಿನಿಂದ ತಟ್ಟಿ, ಮೂಸಿ, ನನ್ನ ಮುಖಕ್ಕೆ ಹಿಡಿದರು.

"ನೋಡ್ರಿ, ಒಂದ ಗೆರಿ ಬಿದ್ದಿಲ್ಲ. ಮಾಲು ಗಟ್ಟಿ."